ಮೂರನೇ ಕೋಣೆ

ಹೋದ ಕಾರ್ತಿಕದ ಒಂದು ರಾತ್ರಿ ನಮ್ಮೂರ ದೊಡ್ಡ ಮನೆಯ ಅಡಿಕೆ ಸುಲಿತಕ್ಕೆ ನಾನೂ ಹೋಗಿ ಕೂತಿದ್ದೆ. ಸುಲಿಯಲಿಕ್ಕಲ್ಲ, ಚಳಿ ಕಾಯಿಸಲಿಕ್ಕೆ. ಮೂವತ್ತೈದು ವರ್ಷ ಕುರ್ಚಿಯ ಮೇಲೆ ಕೂತ ಮೇಷ್ಟ್ರ ಸೊಂಟ ಮೆಟ್ಟುಗತ್ತಿಯ ಮೇಲೆ ಅರ್ಧ ತಾಸೂ ನಿಲ್ಲುವುದಿಲ್ಲ. ಅಂಗಳದ ಮೂಲೆಯಲ್ಲಿ ಅಡಿಕೆ ಬೇಯುವ ಹಂಡೆ, ಅದರಡಿ ಕುಂಟೆಗಳ ದೊಡ್ಡ ಬೆಂಕಿ, ಊರಿಗೆಲ್ಲ ಹಬ್ಬಿದ ಚೊಗರಿನ ವಾಸನೆ. ಈಗ ಸುಲಿಯುವ ಯಂತ್ರ ಊರೂರಿಗೆ ಬಂದಿದೆ. ಆದರೂ ಈ ಮನೆಯವರು ಒಂದಿಷ್ಟು ಅಡಿಕೆಯನ್ನು ಇನ್ನೂ ಕೈಯಲ್ಲೇ ಸುಲಿಸುತ್ತಾರೆ. ಚಪ್ಪರದಡಿ ಹದಿಮೂರು ಜನ ಸಾಲಾಗಿ ಕೂತು ಕಟಕ್ ಕಟಕ್ ಎನ್ನಿಸುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಅದಕ್ಕೇ ಬಾಯಿ ಎಷ್ಟು ಮಾತಾಡಿದರೂ ಕೈ ನಿಲ್ಲುವುದಿಲ್ಲ.

ದೊಡ್ಡ ಮನೆಯ ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಸಾಫ್ಟ್‌ವೇರ್ ಕೆಲಸ. ಒಳ್ಳೆಯ ಹುಡುಗ, ಊರೆಂದರೆ ಪ್ರೀತಿ ಇದೆ. ಬೆಂಕಿಯ ಹತ್ತಿರ ಸ್ಟೂಲು ಎಳೆದುಕೊಂಡು, "ಮೇಷ್ಟ್ರೇ, ನಮ್ಮ ಕಂಪನಿಯವರು ನಮ್ಮೂರ ಶಾಲೆಗೆ ಬಣ್ಣ ಹೊಡೆಸ್ತಾರಂತೆ. ರೈಲಿನ ಹಾಗೆ. ಒಂದೊಂದು ಕೋಣೆ ಒಂದೊಂದು ಬೋಗಿ. ಶಾಲೆ ಕಡೆಯಿಂದ ಒಂದು ಮನವಿ ಪತ್ರ ಬೇಕು. ನೀವು ಬರೆದುಕೊಟ್ರೆ ಈಗಿನ ಟೀಚರ್ ಹತ್ರ ಸಹಿ ಹಾಕಿಸ್ತೀನಿ" ಅಂದ.

"ಮಾಡಿಗೆ ಏನಾದ್ರೂ ಮಾಡ್ತಾರೇನೋ?" ಅಂದೆ.

"ಮಾಡಾ? ಅದು ಅದರಲ್ಲಿ ಬರಲ್ಲ ಮೇಷ್ಟ್ರೇ. ಗೋಡೆ ಮಾತ್ರ."

ಅವನದೇನೂ ತಪ್ಪಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ ಬಂತು. ಅಲ್ಲಿಂದೀಚೆಗೆ ರಾಜ್ಯದಲ್ಲಿ ಎಷ್ಟು ಶಾಲೆಗಳು ರೈಲಾದವೋ ಲೆಕ್ಕ ಇಟ್ಟವರಿಲ್ಲ. ಫೋಟೋದಲ್ಲಿ ಗೋಡೆ ಕಾಣುತ್ತದೆ, ಪಕಾಸಿ ಕಾಣುವುದಿಲ್ಲ. ನನಗೆ ಪತ್ರ ಬರೆಯಲು ಅಡ್ಡಿಯೇನೂ ಇರಲಿಲ್ಲ. ಆದರೆ 'ಶಾಲೆ', 'ಮಾಡು', 'ದೊಡ್ಡ ಮನೆ' ಈ ಮೂರೂ ಒಟ್ಟಿಗೆ ಬಂದರೆ ನನಗೆ 2006ರ ಮಳೆಗಾಲ ನೆನಪಾಗುತ್ತದೆ. ಆ ಬೆಂಕಿ, ಆ ಅಂಗಳ, ಎಲ್ಲವೂ ಬಾಯಿ ಬಿಡಿಸಿದವು. ಹೇಳುತ್ತಾ ಹೋದೆ.

ಆಗ ನಾನು ಇದೇ ಶಾಲೆಯ ಹೆಡ್ಮೇಷ್ಟ್ರು. ಹೆಡ್ಮೇಷ್ಟ್ರು ಅಂದರೆ ಪ್ರಭಾರಿ. ಒಂದರಿಂದ ಏಳನೇ ತರಗತಿ, ಅರವತ್ತೆರಡು ಮಕ್ಕಳು, ಮೂವರು ಶಿಕ್ಷಕರು, ಮೂರು ಕೋಣೆ. ಮಂಗಳೂರು ಹೆಂಚಿನ ಕಟ್ಟಡ. ಊರಿನವರೇ ಕಲ್ಲು ಹೊತ್ತು, ಮರ ಕಡಿದು, ಬಿಟ್ಟಿ ದುಡಿದು ಕಟ್ಟಿದ್ದು ಅಂತ ಹಿರಿಯರು ಹೇಳುತ್ತಿದ್ದರು. ಹೆಂಚು ಮಾತ್ರ ಕರಾವಳಿಯಿಂದ ಘಟ್ಟ ಹತ್ತಿ ಬಂದದ್ದು. ಹೆಂಚಿನ ಮಾಡಿಗೆ ಮಳೆಗಿಂತ ದೊಡ್ಡ ಶತ್ರು ಮಂಗ. ಒಂದು ಹಿಂಡು ಹಾರಿ ಹೋದರೆ ಹತ್ತು ಹೆಂಚು ಒಡೆಯಿತು ಅಂತಲೇ ಲೆಕ್ಕ. ಒಡೆದ ಹೆಂಚನ್ನು ಆ ವಾರವೇ ಬದಲಾಯಿಸಿದರೆ ಮಾಡು ನೂರು ವರ್ಷ ಬಾಳುತ್ತದೆ. ಬದಲಾಯಿಸದಿದ್ದರೆ ನೀರು ರೀಪಿಗೆ ಇಳಿಯುತ್ತದೆ, ರೀಪಿನಿಂದ ಪಕಾಸಿಗೆ, ಪಕಾಸಿಯಿಂದ ಗೋಡೆಗೆ. ಹತ್ತು ಹೆಂಚಿನ ದುಡ್ಡು ಉಳಿಸಿ ಒಂದು ಕೋಣೆ ಕಳೆದುಕೊಳ್ಳುವುದು ಹೀಗೆ.

ಆ ಹತ್ತು ಹೆಂಚಿಗೆ ದುಡ್ಡೆಲ್ಲಿ ಅಂತ ಮೊಮ್ಮಗ ಕೇಳಿದ. ಸರ್ವ ಶಿಕ್ಷಾ ಅಭಿಯಾನ ಬಂದ ಹೊಸದು. ಶಾಲಾ ಅನುದಾನ ಅಂತ ವರ್ಷಕ್ಕೆ 2,000 ರೂಪಾಯಿ. ಪಾಠೋಪಕರಣಕ್ಕೆ ಶಿಕ್ಷಕರೊಬ್ಬರಿಗೆ 500. ಕಟ್ಟಡದ ರಿಪೇರಿಗೆ ಹೆಚ್ಚೆಂದರೆ 5,000. ಅದೂ ಸುಮ್ಮನೆ ಅಲ್ಲ. ಶಾಲಾ ಸಮಿತಿ ಪ್ರಸ್ತಾವನೆ ಕಳಿಸಬೇಕು, ಅದರಲ್ಲಿ ಸಮುದಾಯದ ಕೊಡುಗೆಯೂ ಇರಬೇಕು ಅಂತ ನಿಯಮದಲ್ಲೇ ಇತ್ತು. ಕೈಚಾಚುವುದನ್ನು ಸರ್ಕಾರವೇ ಬರೆದಿಟ್ಟಿತ್ತು ಅನ್ನಿ. ಇನ್ನು ಹಣ ಬರುವ ಹೊತ್ತು. ಒಂದು ವರ್ಷ ಮಾರ್ಚ್ 20ರ ಮೇಲೆ ಬಂತು. 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಆ ಹತ್ತು ದಿನದಲ್ಲಿ ತಾಲ್ಲೂಕಿನ ಎಲ್ಲ ಹೆಡ್ಮೇಷ್ಟ್ರುಗಳೂ ಅದೇ ನಾಲ್ಕು ಬಡಗಿಗಳ ಬೆನ್ನು ಹತ್ತಿದ್ದರು. ಬಡಗಿ ಸಿಗದೆ ನಾನು ಸುಣ್ಣ, ಬಕೆಟ್ಟು, ಎರಡು ಬೀರು ಬೀಗ ತಂದು ಲೆಕ್ಕ ಮುಗಿಸಿದೆ. ಹೆಂಚು ಹಾಗೇ ಉಳಿಯಿತು.

ಹಾಗಾಗಿ ಪುನರ್ವಸು ಮಳೆಯ ಒಂದು ಭಾನುವಾರ ರಾತ್ರಿ ಮೂರನೇ ಕೋಣೆಯ ಮಾಡು ಕೂತಿತು. ಬಿದ್ದಿತು ಅನ್ನುವುದಕ್ಕಿಂತ ಕೂತಿತು ಅನ್ನುವುದೇ ಸರಿ. ನಡುವಿನ ತೊಲೆ ಲಡ್ಡಾಗಿ ಮುರಿದು, ಪಕಾಸಿಗಳು ಒಳಗೆ ಬಾಗಿ, ಹೆಂಚೆಲ್ಲ ಜಾರಿ ಬೆಂಚಿನ ಮೇಲೆ ರಾಶಿಯಾಗಿದ್ದವು. ಬೆಳಗ್ಗೆ ಬೀಗ ತೆಗೆದಾಗ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಕೂರುವ ಜಾಗದಲ್ಲಿ ಮೊಳಕಾಲುದ್ದ ಹೆಂಚಿನ ಚೂರು. ನಾನು ಬಾಗಿಲಲ್ಲೇ ಕೂತುಬಿಟ್ಟೆ. ಭಾನುವಾರಕ್ಕೆ ಬದಲು ಸೋಮವಾರ ಆಗಿದ್ದರೆ? ಆ ಪ್ರಶ್ನೆ ಈಗಲೂ ಮಳೆ ಜೋರಾದ ರಾತ್ರಿಗಳಲ್ಲಿ ಬರುತ್ತದೆ.

ತಾಲ್ಲೂಕಿನ ಕಚೇರಿಗೆ ಅರ್ಜಿ ಹೋಯಿತು. ಹದಿನೈದು ದಿನಕ್ಕೆ ಇಂಜಿನಿಯರ್ ಬಂದರು. ಟೇಪು ಹಿಡಿದರು, ಅಂದಾಜು ಪಟ್ಟಿ ಮಾಡಿದರು, 1 ಲಕ್ಷ 40 ಸಾವಿರ. "ಮುಂದಿನ ಸಾಲಿನ ಕ್ರಿಯಾಯೋಜನೆಯಲ್ಲಿ ಸೇರಿಸೋಣ ಮೇಷ್ಟ್ರೇ" ಅಂದರು. ಸಜ್ಜನರು. ಚಹಾ ಕುಡಿಯದೇ ಹೊರಟರು, ಇನ್ನೂ ಆರು ಶಾಲೆ ನೋಡುವುದಿತ್ತಂತೆ. ಆರೂ ಹೀಗೇ ಅಂತೆ.

ಮುಂದಿನ ಸಾಲು ಅಂದರೆ ಏಪ್ರಿಲ್. ನಮ್ಮದು ಜುಲೈ. ಆಶ್ಲೇಷ, ಮಘೆ ಇನ್ನೂ ಬರಬೇಕು.

ಆಗ ಈ ಮನೆಯ ಹಿರಿಯರು, ಈ ಹುಡುಗನ ಅಜ್ಜ, ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಾವಾಗಿ ಬಂದು, "ನಮ್ಮ ಜಗಲಿ ಖಾಲಿ ಉಂಟು. ಮಳೆಗಾಲ ಮುಗಿಯೋ ತನಕ ಅಲ್ಲೇ ಪಾಠ ಮಾಡಿ" ಅಂದರು. ಊರೆಲ್ಲ ಕೊಂಡಾಡಿತು. ನಾನೂ ಕೊಂಡಾಡಿದೆ. ಯಾಕೆ ಕೊಂಡಾಡಬಾರದು? ಉದ್ದಕ್ಕೆ ಮೂವತ್ತು ಅಡಿ ಜಗಲಿ, ಕೆಂಪು ನೆಲ, ಗೋಡೆಗೆ ಒರಗಬಹುದು, ಒಂದು ಹನಿ ಸೋರುವುದಿಲ್ಲ. ನಮ್ಮ ಶಾಲೆಯ ಕೋಣೆಗಿಂತ ಸಾವಿರ ಪಾಲು ಮೇಲು. ನಾಲ್ಕು, ಐದನೇ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಎರಡನೇ ದಿನ ಬೆಳಗ್ಗೆ ನೋಡುತ್ತೇನೆ, ನಾಲ್ಕನೇ ತರಗತಿಯ ಒಂದು ಹುಡುಗಿ ಅಂಗಳದಲ್ಲಿ ನಿಂತಿದ್ದಾಳೆ. ಕೆಳಗಿನ ಕೇರಿಯ ಹುಡುಗಿ. ಕೊಪ್ಪೆ ಹಾಕಿಕೊಂಡು, ಪಾಟೀಚೀಲವನ್ನು ಎದೆಗೆ ಒತ್ತಿಕೊಂಡು, ಮಳೆಯಲ್ಲೇ. ಅವಳ ಹಿಂದೆ ಅದೇ ಕೇರಿಯ ಇನ್ನೂ ಮೂವರು. "ಹತ್ತಿ ಬಾರೇ" ಅಂದೆ. ಹತ್ತಲಿಲ್ಲ. ಮನೆಯವರೂ ಕರೆದರು, ಯಾರೂ ಬೇಡ ಅನ್ನಲಿಲ್ಲ. ಅವಳು ತಲೆ ಬಗ್ಗಿಸಿ ನಿಂತೇ ಇದ್ದಳು. ಅವಳ ಅಜ್ಜಿ ಬೇಡ ಅಂದಿರಬೇಕು, ಹಳೇ ಕಾಲದವರು, ನಾಳೆ ಸರಿಹೋಗುತ್ತದೆ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಪಾಠ ಶುರು ಮಾಡಿದೆ. ಭಿನ್ನರಾಶಿಯ ಪಾಠ, ಇವತ್ತಿಗೂ ನೆನಪಿದೆ. ಒಂದು ರೊಟ್ಟಿಯನ್ನು ನಾಲ್ಕು ಪಾಲು ಮಾಡುವ ಲೆಕ್ಕವನ್ನು ಜಗಲಿಯಲ್ಲಿ ಕೂತವರಿಗೆ ಹೇಳಿಕೊಟ್ಟೆ. ಅಂಗಳದಲ್ಲಿ ನಿಂತ ನಾಲ್ವರು ಸ್ವಲ್ಪ ಹೊತ್ತು ಕೇಳಿಸಿಕೊಂಡು ಹೊರಟುಹೋದರು. ಮೂರನೇ ದಿನ ಬರಲಿಲ್ಲ. ನಾಲ್ಕನೇ ದಿನವೂ ಇಲ್ಲ.

ನಾನು ಕೂಡಲೇ ಎದ್ದು ಅವರ ಮನೆಗೆ ಹೋದೆ ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಹೋಗಲಿಲ್ಲ. ಆರು ದಿನ ಹೋಗಲಿಲ್ಲ. ಜಗಲಿ ಕೊಟ್ಟವರಿಗೆ ಮುಜುಗರ ಆದೀತು ಅನ್ನುವುದೇ ನನಗೆ ದೊಡ್ಡದಾಗಿತ್ತು. ಪುಕ್ಕಟೆ ಪಡೆದ ಜಾಗದಲ್ಲಿ ನಿಂತ ಮೇಷ್ಟ್ರಿಗೆ ಅಷ್ಟು ದೊಡ್ಡ ಗಂಟಲು ಬರುವುದಿಲ್ಲ ನೋಡಿ. ಶಾಲೆಯ ಮುರುಕು ಕೋಣೆಯಲ್ಲಿ ನಾನು ಯಾರಿಗೂ ಅಂಜಿದವನಲ್ಲ. ಅಲ್ಲಿ ಯಾವ ಮಗು ಎಲ್ಲಿ ಕೂರಬೇಕು ಅಂತ ಹೇಳುವವನು ನಾನು. ಇಲ್ಲಿ ನಾನೇ ನೆಂಟ.

ಏಳನೇ ದಿನ ಜಗಲಿಗೆ ಕೈಮುಗಿದು, ಎಲ್ಲ ಅರವತ್ತೆರಡು ಮಕ್ಕಳನ್ನೂ ಶಾಲೆಯ ಉಳಿದ ಎರಡು ಕೋಣೆ ಮತ್ತು ಮುಂದಿನ ಚಿಟ್ಟೆಯ ಮೇಲೆ ತುಂಬಿದೆ. ಕಾರಣ ಕೇಳಿದವರಿಗೆ ದಾಖಲೆಗೆ ತೊಂದರೆ ಅಂದೆ. ಏಳು ತರಗತಿ ಒಟ್ಟಿಗೆ ಮಗ್ಗಿ ಹೇಳಿದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಒಂದು ಮೂಲೆಯಲ್ಲಿ ಬಿಸಿಯೂಟದ ಹೊಗೆ, ಇನ್ನೊಂದು ಮೂಲೆಯಲ್ಲಿ ಅಕ್ಕಿ ಮೂಟೆ. ಆದರೆ ನಾಲ್ವರೂ ಬಂದು ಕೂತರು.

ಆಮೇಲೆ ಶುರುವಾಯಿತು ವಂತಿಗೆ. ಸಮಿತಿಯ ಅಧ್ಯಕ್ಷರು, ನಾನು, ಇನ್ನಿಬ್ಬರು ಸದಸ್ಯರು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದೆವು. ಈ ಮನೆಯಿಂದ 10,000. ಅಂಗಡಿಯವರಿಂದ 2,000. ಮಂಡಿಯವರಿಂದ ಐದು. ಉಳಿದವರು ನೂರು, ಇನ್ನೂರು. ಕೆಳಗಿನ ಕೇರಿಗೆ ಹೋಗುವುದು ಬೇಡ ಅಂತ ಅಧ್ಯಕ್ಷರು ಅಂದರು. ಅವರನ್ನು ಬಿಟ್ಟರೆ ಅವಮಾನ ಮಾಡಿದ ಹಾಗೆ ಅಂತ ನಾನು ಹಟ ಹಿಡಿದು ಹೋದೆ. ಆ ಹುಡುಗಿಯ ಅಜ್ಜಿ ಬಾಗಿಲಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ವಿಷಯ ಪೂರ್ತಿ ಕೇಳಿಸಿಕೊಂಡಳು. ಬಿದಿರಿನ ಸೀಳು ನೋಡುತ್ತಲೇ ಕೇಳಿದಳು:

"ಅದು ಸರ್ಕಾರದ ಶಾಲೆ ಅಲ್ದಾ ಮೇಷ್ಟ್ರೇ? ಸರ್ಕಾರ ನಮ್ಮತ್ರ ಕೇಳ್ತಾ ಉಂಟಾ?"

"ಸರ್ಕಾರದ ಹಣ ತಡ ಆಗತ್ತೆ ಅಮ್ಮ, ಅಲ್ಲಿ ತನಕ..."

"ಹತ್ತು ಸಾವಿರ ಕೊಟ್ಟೋರೂ ಇದ್ದಾರೆ ಅಂದ್ರಿ. ನಾನು ಇಪ್ಪತ್ತು ರೂಪಾಯಿ ಕೊಟ್ರೆ ಶಾಲೆ ಯಾರದ್ದಾಗತ್ತೆ?"

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಶಿಕ್ಷಕರ ತರಬೇತಿಯ ಟಿಸಿಎಚ್ ಪರೀಕ್ಷೆಗೆ ಓದುವಾಗ ನಮಗೊಂದು ಒಂದು ಅಂಕದ ಪ್ರಶ್ನೆ ಇರುತ್ತಿತ್ತು: ಕೊಠಾರಿ ಆಯೋಗವು ರಾಷ್ಟ್ರೀಯ ಆದಾಯದ ಎಷ್ಟು ಭಾಗವನ್ನು ಶಿಕ್ಷಣಕ್ಕೆ ಶಿಫಾರಸು ಮಾಡಿತು? ಉತ್ತರ: ಶೇಕಡಾ ಆರು. 1966ರ ವರದಿ. 1968ರ ಶಿಕ್ಷಣ ನೀತಿ ಆ ಆರನ್ನು ಒಪ್ಪಿತು. 1986ರ ನೀತಿಯೂ ಒಪ್ಪಿತು. 2020ರ ನೀತಿ ಮತ್ತೊಮ್ಮೆ ಒಪ್ಪಿತು. ಒಪ್ಪುವುದರಲ್ಲಿ ಯಾವ ಸರ್ಕಾರವೂ ಹಿಂದೆ ಬಿದ್ದಿಲ್ಲ. ಆ ಆರನ್ನು ಒಂದು ವರ್ಷವೂ ಮುಟ್ಟಲಿಲ್ಲ, ಅಷ್ಟೇ. ಆ ಅಜ್ಜಿಗೆ ಕೊಠಾರಿ ಗೊತ್ತಿರಲಿಲ್ಲ. ಆದರೆ ಕೊಡಬೇಕಾದವರು ಯಾರು, ಕೊಡುತ್ತಿರುವವರು ಯಾರು, ಕೊಟ್ಟವರಿಗೆ ನಾಳೆ ಏನು ಸಿಗುತ್ತದೆ ಎಂಬ ಮೂರೂ ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಇನ್ನೊಂದು ಲೆಕ್ಕ ಅವಳಿಗೂ ಗೊತ್ತಿರಲಿಕ್ಕಿಲ್ಲ. 2004ರಿಂದ ಕೇಂದ್ರದ ತೆರಿಗೆಗಳ ಮೇಲೆ ನೂರಕ್ಕೆ ಎರಡರಂತೆ ಶಿಕ್ಷಣದ ಸೆಸ್ ಇತ್ತು. ಅಬಕಾರಿ ಸುಂಕದ ಮೇಲೂ ಇತ್ತು. ಕಾರ್ಖಾನೆಯಲ್ಲಿ ತಯಾರಾದ ಒಂದು ಸೋಪು ಕೊಂಡರೆ ಅವಳೂ ಶಾಲೆಗೆ ಕೊಟ್ಟ ಹಾಗೇ. ನಾನು ಎರಡನೇ ಸಲ ಕೇಳುತ್ತಿದ್ದೆ.

ಅವಳು ದುಡ್ಡು ಕೊಡಲಿಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಮಳೆ ಹೊಳವಾದ ವಾರ ಮಾಡು ಕಟ್ಟುವಾಗ ಕೇರಿಯಿಂದ ಒಂಬತ್ತು ಜನ ಬಂದರು, ಅವಳೂ ಬಂದಳು. ಎರಡು ದಿನ ಹೆಂಚು ಹೊತ್ತಳು. ಕೂಲಿ ಕೊಡಲು ಹೋದರೆ ಕೈ ಚಾಚಲಿಲ್ಲ.

ಒಟ್ಟು 38 ಸಾವಿರ ಚಿಲ್ಲರೆ ಆಗಿತ್ತು. ಅಂದಾಜು ಪಟ್ಟಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಆ ದುಡ್ಡಿನಲ್ಲಿ ಒಳ್ಳೇ ಮರ ಬರುವುದಿಲ್ಲ. ಯಾವ್ಯಾವುದೋ ಕಾಡುಮರದ ತೊಲೆ, ಹಳೇ ಮನೆ ಕೆಡವಿದಲ್ಲಿಂದ ತಂದ ಪಕಾಸಿ, ಅರ್ಧ ಹೊಸ ಹೆಂಚು, ಅರ್ಧ ಹಳತು. ಒಳ್ಳೆಯದಾಗೇ ಕಾಣುತ್ತಿತ್ತು. ಪೂಜೆ ಮಾಡಿ ಪಾನಕ ಹಂಚಿದೆವು. ಮಂಡಿಯವರು ಒಂದು ಬೋರ್ಡು ಬರೆಸಿಕೊಟ್ಟರು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ, ದಾನಿಗಳ ಹೆಸರು, ಎದುರಿಗೆ ಮೊತ್ತ. ದೊಡ್ಡದು ಮೇಲೆ, ಸಣ್ಣದು ಕೆಳಗೆ. ನೂರರ ಒಳಗಿನವರಿಗೆ ಜಾಗ ಸಾಲಲಿಲ್ಲ, 'ಮತ್ತು ಊರ ಮಹನೀಯರು' ಅಂತ ಮುಗಿಸಿದರು.

ಒಂದು ತಮಾಷೆ ಏನೆಂದರೆ ಒಂದನೇ ತರಗತಿಯ ಮಕ್ಕಳು ಆ ಬೋರ್ಡಿನಿಂದ ಓದು ಕಲಿತರು. ಅವರ ಕಣ್ಣಿನ ಮಟ್ಟಕ್ಕೆ ಅಷ್ಟು ದೊಡ್ಡ ಅಕ್ಷರ ಬೇರೆಲ್ಲೂ ಇರಲಿಲ್ಲ. 'ಶ್ರೀ' ಅಕ್ಷರ ಅವರಿಗೆ ಅ ಆ ಗಿಂತ ಮೊದಲು ಬಂತು. ಕೆಳಗಿನ ಕೇರಿಯ ಆ ಹುಡುಗಿ ಒಂದು ದಿನ ಮೇಲಿನಿಂದ ಕೆಳಗಿನ ತನಕ ಬೆರಳಿಟ್ಟು ಓದಿ, "ನಮ್ಮಜ್ಜಿ ಹೆಸರು ಎಲ್ಲಿದೆ ಮೇಷ್ಟ್ರೇ?" ಅಂದಳು. "ಮಹನೀಯರು ಅಂತ ಇದ್ಯಲ್ಲ, ಅದರಲ್ಲಿ" ಅಂದೆ.

ಸೆಪ್ಟೆಂಬರ್ 30 ಬಂತು. ವರ್ಷ ವರ್ಷ ಆ ತಾರೀಖಿನ ಲೆಕ್ಕಕ್ಕೆ ಶಾಲೆಯ ಮಾಹಿತಿಯನ್ನೆಲ್ಲ ಡೈಸ್ ನಮೂನೆಯಲ್ಲಿ ತುಂಬಿ ಕಳಿಸಬೇಕು. ಮಕ್ಕಳೆಷ್ಟು, ಶೌಚಾಲಯವೆಷ್ಟು, ಕೊಠಡಿಗಳೆಷ್ಟು. ಕೊಠಡಿಗೆ ಮೂರು ಅಂಕಣ: ಸುಸ್ಥಿತಿಯಲ್ಲಿರುವವು, ಸಣ್ಣ ದುರಸ್ತಿ ಬೇಕಾದವು, ದೊಡ್ಡ ದುರಸ್ತಿ ಬೇಕಾದವು. ನಾನು ಹೊಸ ಹೆಂಚಿನ ಕೆಳಗೆ ಕೂತು, ನೀಲಿ ಬೋರ್ಡನ್ನು ನೋಡುತ್ತಾ, ಎದೆಯುಬ್ಬಿಸಿ ಸುಸ್ಥಿತಿಯ ಅಂಕಣದಲ್ಲಿ ಮೂರು ಅಂತ ಬರೆದೆ. ಸುಳ್ಳೇನೂ ಅಲ್ಲವಲ್ಲ?

ಏಪ್ರಿಲ್‌ನಲ್ಲಿ ಕಚೇರಿಗೆ ಹೋದರೆ ದುರಸ್ತಿ ಪಟ್ಟಿಯಲ್ಲಿ ನಮ್ಮ ಶಾಲೆ ಇಲ್ಲ. ಇಂಜಿನಿಯರ್ ಬಂದಿದ್ದರು, ಅಂದಾಜು ಆಗಿತ್ತು, ಎಲ್ಲ ಹೇಳಿದೆ. ಗುಮಾಸ್ತರು ನನ್ನದೇ ನಮೂನೆಯನ್ನು ತೆಗೆದು ತೋರಿಸಿದರು. "ನೀವೇ ಬರೆದಿದ್ದೀರಲ್ಲ ಮೇಷ್ಟ್ರೇ, ಮೂರೂ ಸುಸ್ಥಿತಿ ಅಂತ. ಮಾಡೇ ಇಲ್ಲದ ಶಾಲೆಗಳಿದಾವೆ. ನಿಮಗೆ ಕೊಟ್ಟರೆ ಆಡಿಟ್‌ನಲ್ಲಿ ನಾವೇನು ಹೇಳೋದು?" ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಬಹಳ ಆಸೆ ಇತ್ತು. ಸಿಗಲಿಲ್ಲ. 1 ಲಕ್ಷ 40 ಸಾವಿರದ ಕಡತವನ್ನು ನಾವು 38 ಸಾವಿರ ಕೊಟ್ಟು ಮುಚ್ಚಿಸಿದ್ದೆವು.

ಇಲ್ಲಿಗೆ ಬಂದಾಗ ಬೆಂಕಿಗೆ ಯಾರೋ ಇನ್ನೊಂದು ಕುಂಟೆ ನೂಕಿದರು. ಕಿಡಿ ಎದ್ದಿತು. ಚಪ್ಪರದ ತುದಿಯಿಂದ ಒಂದು ದನಿ ಬಂತು.

"ಮೇಷ್ಟ್ರೇ, ಒಂದು ಮಾತು ತಪ್ಪು ಹೇಳಿದ್ರಿ."

ಅವಳೇ. ಅಂಗಳದಲ್ಲಿ ನಿಂತಿದ್ದ ಹುಡುಗಿ. ಈಗ ಇಪ್ಪತ್ತೇಳರ ಹೆಂಗಸು, ಒಂದನೇ ತರಗತಿಗೆ ಹೋಗುವ ಮಗನ ತಾಯಿ. ಅವಳು ಸಾಲಿನ ಕೊನೆಯಲ್ಲಿ ಕೂತದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೆಸರೆತ್ತದೆ ಹೇಳಿದ್ದೆ. ಅಡಿಕೆಯ ಮೇಲಿನ ಕಣ್ಣು ತೆಗೆಯದೆ ಅವಳಂದಳು:

"ಅಜ್ಜಿ ಎಂತದೂ ಹೇಳಿರ್ಲಿಲ್ಲ. ಮೊದಲನೇ ದಿನ ನಾವೂ ಹತ್ತಿದ್ವಿ. ಕಂಬದ ಹತ್ರ ಕೂತಿದ್ವಿ. ನಿಮಗೆ ನೆನಪಿಲ್ಲ. ಸಂಜೆ ನಾನು ಕಡ್ಡಿ ಡಬ್ಬಿ ಬಿಟ್ಟು ಹೋಗಿದ್ದೆ, ವಾಪಸ್ ಬಂದೆ. ಆಗ ಸಗಣಿ ನೀರು ಹಾಕಿ ಸಾರಿಸ್ತಾ ಇದ್ರು. ಪೂರ್ತಿ ಜಗಲಿ ಅಲ್ಲ. ನಾವು ನಾಲ್ಕು ಜನ ಕೂತಿದ್ದಷ್ಟು."

ಕಟಕ್ ಕಟಕ್ ನಿಲ್ಲಲಿಲ್ಲ, ಮೊದಲೇ ಹೇಳಿದೆನಲ್ಲ, ಡಬ್ಬದ ಲೆಕ್ಕ. ಆದರೆ ಮಾತು ನಿಂತಿತು. ಮೊಮ್ಮಗ ಬೆಂಕಿ ನೋಡುತ್ತಿದ್ದ. ಹದಿನೆಂಟು ವರ್ಷ ನಾನು ಈ ಕಥೆಯನ್ನು ಎಷ್ಟೋ ಕಡೆ ಹೇಳಿದ್ದೇನೆ. ನಿವೃತ್ತಿಯ ದಿನದ ಭಾಷಣದಲ್ಲೂ ಹೇಳಿದ್ದೆ. ಪ್ರತಿ ಸಲವೂ ತಪ್ಪನ್ನು ಆ ಅಜ್ಜಿಯ ತಲೆಗೆ ಕಟ್ಟಿದ್ದೆ. ಬಾಗಿಲಲ್ಲಿ ನಿಂತಿದ್ದ ಮನೆಯ ಸೊಸೆ, "ಅದೆಲ್ಲ ಅತ್ತೆಯವರ ಕಾಲದ್ದು. ಈಗ ಯಾರು ನೋಡ್ತಾರೆ" ಅಂತ ಒಳಗೆ ಹೋಗಿ ಕಾಫಿ ತಂದರು. ಎಲ್ಲರಿಗೂ ಪೇಪರ್ ಲೋಟ. ಪೇಪರ್ ಲೋಟ ಬಂದ ಮೇಲೆ ಎಷ್ಟೋ ಮನೆಗಳ ಒಂದು ತೊಂದರೆ ತಪ್ಪಿದೆ.

ಕಾಫಿ ಕುಡಿಯುತ್ತಾ ಮೊಮ್ಮಗನೇ ಮಾತೆತ್ತಿದ. ಆ ಮಾಡು ಏನಾಯಿತು ಅಂತ.

ಆರು ವರ್ಷ ನಿಂತಿತು. ಆಮೇಲೆ ತೊಲೆಗೆ ಒರಲೆ ಹತ್ತಿತು. ಅಷ್ಟರಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನು ಊರಿಗೆ ಬಂದಿತ್ತು. ಮೊದಲು ದೊಡ್ಡ ಮನೆಯ ಮಕ್ಕಳು ವ್ಯಾನು ಹತ್ತಿದರು, ಆಮೇಲೆ ಅಂಗಡಿಯವರ ಮಕ್ಕಳು. ಬೋರ್ಡಿನಲ್ಲಿ ಮೇಲಿಂದ ಕೆಳಗೆ ಯಾವ ಕ್ರಮದಲ್ಲಿ ಹೆಸರಿತ್ತೋ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಶಾಲೆ ಬಿಟ್ಟರು. ನಾನು ಬೈಯುವ ಹಾಗಿಲ್ಲ, ನನ್ನ ಮಗನೂ ಓದಿದ್ದು ತಾಲ್ಲೂಕಿನ ಕಾನ್ವೆಂಟಿನಲ್ಲಿ. ಮಕ್ಕಳು ಕಡಿಮೆಯಾದರೆ ಶಿಕ್ಷಕರು 'ಹೆಚ್ಚುವರಿ' ಆಗುತ್ತಾರೆ. 2012ರಲ್ಲಿ ಹೆಚ್ಚುವರಿ ಪಟ್ಟಿಯಲ್ಲಿ ನನ್ನ ಹೆಸರು ಬಂದು ಬೇರೆ ಊರಿಗೆ ಹೋದೆ. ಶಿಕ್ಷಕರು ಕಡಿಮೆಯಾದರೆ ಉಳಿದ ಮಕ್ಕಳೂ ಹೋಗುತ್ತಾರೆ. ಈಗ ಬರುವ ಸಂಯುಕ್ತ ಶಾಲಾ ಅನುದಾನವೂ ತಲೆಯೆಣಿಕೆಯದೇ. ಮೂವತ್ತರ ಮೇಲೆ ನೂರರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 25,000. ಅದಕ್ಕಿಂತ ಕಡಿಮೆಯಿದ್ದರೆ 10,000 ಮಾತ್ರ. ಮಾಡಿಗೆ ಮಕ್ಕಳ ಲೆಕ್ಕ ಗೊತ್ತಿಲ್ಲ. ಒಂಬತ್ತು ಮಕ್ಕಳಿದ್ದರೂ ತೊಂಬತ್ತಿದ್ದರೂ ಮಂಗ ಒಡೆಯುವ ಹೆಂಚು ಅಷ್ಟೇ.

"ನನ್ನ ಮಗನೂ ವ್ಯಾನಿಗೇ ಹೋಗೋದು" ಅಂದಳು ಅವಳು. ಸಮಜಾಯಿಷಿಯ ದನಿ ಅಲ್ಲ. "ಊರ ಶಾಲೇಲಿ ಒಬ್ರೇ ಟೀಚರ್. ಅವರು ಮೀಟಿಂಗಿಗೆ ಹೋದ್ರೆ ಅಡುಗೆ ಅಕ್ಕನೇ ಮಕ್ಕಳನ್ನ ನೋಡೋದು. ಎಂತ ಮಾಡೋದು ಹೇಳಿ."

1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಅಂತ ಬಂದಾಗ ಹೇಳಿದ್ದು ಇದನ್ನೇ: ಎಷ್ಟೇ ಸಣ್ಣ ಶಾಲೆಯಾದರೂ ಎಲ್ಲ ಕಾಲಕ್ಕೂ ಆಗುವ ಎರಡು ಕೋಣೆ, ಇಬ್ಬರು ಶಿಕ್ಷಕರು. ನಾನು ಕೆಲಸಕ್ಕೆ ಸೇರಿದ ಹೊಸತು. ಎಷ್ಟು ಕಡಿಮೆ ಕೇಳುತ್ತಾರಪ್ಪ ಅಂತ ನಗು ಬಂದಿತ್ತು.

ಸಾಲಿನಲ್ಲಿದ್ದ ಇನ್ನೊಬ್ಬರು, ಈಗಿನ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, "ಹಂಗಂತ ಸರ್ಕಾರ ಏನೂ ಮಾಡಿಲ್ಲ ಅನ್ನೋಕಾಗಲ್ಲ ಮೇಷ್ಟ್ರೇ" ಅಂದರು. ನಿಜ. ಬಿಸಿಯೂಟ ಬಂತು, ಹಾಲು ಬಂತು, ಮೊಟ್ಟೆ ಬಂತು, ಸೈಕಲ್ಲು ಬಂತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಣೆ ಆಯಿತು. ಅದಕ್ಕೂ ಮೊದಲು ಕರೆಂಟು ಬಿಲ್ಲನ್ನು ಕಿಸೆಯಿಂದ ಕಟ್ಟಿದ ಹೆಡ್ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಅಷ್ಟರಮಟ್ಟಿಗೆ ಕೈಮುಗಿಯಬೇಕಾದ್ದೇ. ಆದರೆ ಅದಕ್ಕೆ ಒಂದೇ ವರ್ಷ ಮೊದಲು, 2022ರ ಅಕ್ಟೋಬರ್‌ನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಇಲಾಖೆಯ ಸುತ್ತೋಲೆಯೂ ಹೊರಟಿತ್ತು. ಗಲಾಟೆಯಾಗಿ ಕೆಲವೇ ದಿನಕ್ಕೆ ಹಿಂದೆ ಹೋಯಿತು. ಆ ಸುತ್ತೋಲೆಯ ಸುದ್ದಿ ಓದಿದ ದಿನ ನನಗೆ ಬುಟ್ಟಿ ಹೆಣೆಯುತ್ತಿದ್ದ ಅಜ್ಜಿಯೇ ಕಣ್ಣಮುಂದೆ ಬಂದದ್ದು. ಅವಳು ಇದ್ದಿದ್ದರೆ ಅದೇ ಪ್ರಶ್ನೆ ಕೇಳುತ್ತಿದ್ದಳು.

ಕೊಡುವವರ ಮನಸ್ಸು ಕೆಟ್ಟದು ಅಂತ ನಾನು ಹೇಳುವುದಿಲ್ಲ. ಈ ಮನೆಯ ಹಿರಿಯರ ಮನಸ್ಸು ದೊಡ್ಡದೇ ಇತ್ತು. ಸಾರಿಸಿದ್ದು ಅವರಿಗೆ ಗೊತ್ತೂ ಇರಲಿಕ್ಕಿಲ್ಲ. ಆದರೆ ಜಗಲಿ ಅವರದು. ಯಾರ ಜಗಲಿಯೋ ಅವರ ಮನೆಯ ನೇಮ. ಊರಲ್ಲಿ ಯಾರದೂ ಅಲ್ಲದ, ಹಾಗಾಗಿ ಎಲ್ಲರದೂ ಆದ ಮಾಡು ಅಂತ ಒಂದೇ ಇತ್ತು, ಆ ಹುಡುಗಿ ಕಾಲು ಒರೆಸಿಕೊಳ್ಳದೆ ಹತ್ತಬಹುದಾದ ಮಾಡು. ಅದನ್ನು ಸರ್ಕಾರ ತನ್ನ ಬೊಕ್ಕಸದಿಂದ ಎತ್ತಿ ನಿಲ್ಲಿಸಬೇಕಿತ್ತು. ನಾವು ಕೊಡುವುದಾದರೆ ಅದರ ಮೇಲೆ ಕೊಡಬೇಕಿತ್ತು, ಪುಸ್ತಕವೋ, ಆಟದ ಸಾಮಾನೋ. ತೊಲೆಯನ್ನಲ್ಲ. ತೊಲೆ ಕೊಟ್ಟೆವು, ಸರ್ಕಾರ ನಿಶ್ಚಿಂತೆಯಿಂದ ಮಗ್ಗುಲು ಬದಲಾಯಿಸಿತು.

ಹಂಡೆ ಇಳಿಸುವ ಹೊತ್ತಾಗಿತ್ತು. ಮೊಮ್ಮಗ ಎದ್ದು, "ಹಾಗಾದ್ರೆ ಪತ್ರ ಬೇಡ್ವಾ ಮೇಷ್ಟ್ರೇ?" ಅಂದ. ಬೇಡ ಅನ್ನಲಿಲ್ಲ. ಎರಡು ಪತ್ರ ಬರೆದುಕೊಟ್ಟೆ. ಒಂದು ಅವನ ಕಂಪನಿಗೆ. ಇನ್ನೊಂದು ಇಲಾಖೆಗೆ: ಮೂರನೇ ಕೋಣೆಗೆ ದೊಡ್ಡ ದುರಸ್ತಿ ಬೇಕು, 2006ರಲ್ಲಿ ಅಂದಾಜು ಪಟ್ಟಿ ಆಗಿದೆ, ಈ ಸಲ ನಮೂನೆಯಲ್ಲಿ ಹಾಗೇ ತುಂಬಲಾಗುವುದು ಅಂತ. ಎರಡಕ್ಕೂ ಟೀಚರ್ ಸಹಿ ಹಾಕಿದರು. ಎರಡನೆಯದಕ್ಕೆ ಸಮಿತಿಯವರ ಸಹಿಯೂ ಬಿತ್ತು. ಪೋಷಕರ ಸಹಿ ಬೇಕು ಅಂದಾಗ ಅವಳು, ಮಗ ಅಲ್ಲಿ ಓದದಿದ್ದರೂ, ಹಳೆ ವಿದ್ಯಾರ್ಥಿ ಅಂತ ಹೆಸರು ಬರೆದು ಸಹಿ ಹಾಕಿದಳು. ಅಕ್ಷರ ದುಂಡಗಿದೆ.

ಕಂಪನಿಯವರು ಫೆಬ್ರವರಿಯಲ್ಲೇ ಬಂದರು. ಎರಡು ದಿನದಲ್ಲಿ ಕೆಲಸ ಮುಗಿಸಿ, ಫೋಟೋ ತೆಗೆಸಿಕೊಂಡು, ಮಕ್ಕಳಿಗೆ ಐಸ್‌ಕ್ರೀಂ ಕೊಟ್ಟು ಹೋದರು. ಇಲಾಖೆಯಿಂದ ಸ್ವೀಕೃತಿ ಬಂದಿದೆ. ಹಸಿರು ಬೋಗಿ, ನೀಲಿ ಬೋಗಿ, ಕೆಂಪು ಬೋಗಿ, ಮುಂದೆ ಇಂಜಿನ್ನಿನ ಚಿತ್ರ, ಚೆನ್ನಾಗಿದೆ. ಹೋದ ವಾರ ಆರಿದ್ರಾ ಮಳೆ ಹಿಡಿಯಿತು. ಮೂರನೇ ಬೋಗಿ ಸೋರುತ್ತಿದೆ.